ಭತ್ತಕ್ಕೆ ಇಬ್ಬನಿ, ಮೆಣಸಿನ ಗಿಡಕ್ಕೆ ಗಾಳಿ, ದಾಳಿಂಬೆಗೆ ಮಳೆ: ರೋಗದ ಮುನ್ಸೂಚನೆಗೆ ಯಾವುದನ್ನು ನಂಬಬೇಕು?

ಅಕ್ಟೋಬರ್‌ನ ಒಂದು ಬೆಳಿಗ್ಗೆ. ಕಾರಟಗಿ ಹತ್ತಿರದ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಮೊಬೈಲ್ ನೋಡುತ್ತಿದ್ದೆ. ಭತ್ತ ಹೊಡೆ ತುಂಬಿ ನಿಂತಿತ್ತು, ಅಂದರೆ ತೆನೆ ಇನ್ನೂ ಗರಿಯೊಳಗೇ ಇತ್ತು. ಆಪ್‌ನಲ್ಲಿ ಐದು ದಿನಕ್ಕೂ ಸೂರ್ಯನ ಚಿತ್ರ, ಮಳೆ ಸೊನ್ನೆ. ಸದ್ಯಕ್ಕೆ ಎಣ್ಣೆ, ಅಂದರೆ ರೋಗದ ಔಷಧ, ಹೊಡೆಯೋದು ಬೇಡ ಅಂದುಕೊಂಡೆ. ಮಾವ ಏನೂ ಮಾತಾಡದೆ ಗದ್ದೆಗಿಳಿದು ಹತ್ತು ಹೆಜ್ಜೆ ಹೋಗಿ ವಾಪಸ್ ಬಂದರು. ಗರಿ ತಾಗಿ ತಾಗಿ ಪಂಚೆ ಸೊಂಟದವರೆಗೂ ನೆನೆದಿತ್ತು. ಹಿಂಡಿದರೆ ನೀರು ಸುರಿಯುವಷ್ಟು. ಆಗ ಗಂಟೆ ಎಂಟೂವರೆ.

"ನೀ ಹೇಳಿದ್ದು ಖರೆ, ಮಳಿ ಇಲ್ಲ. ಗರಿ ಒಣಗೇತೇನು?" ಅಂದರು.

ನಾನು ಆಪ್ ಮಾತೇ ಕೇಳಿದೆ. ಎರಡು ವಾರ ಕಳೆಯುವಷ್ಟರಲ್ಲಿ ತೆನೆಯ ಕುತ್ತಿಗೆ ಕಪ್ಪಾಗಿ, ತೆನೆ ಬಿಳುಚಿ, ಕೈಯಲ್ಲಿ ಹಿಸುಕಿದರೆ ಬರೀ ಜೊಳ್ಳು. ಆಪ್ ಸುಳ್ಳು ಹೇಳಿರಲಿಲ್ಲ. ಮಳೆ ನಿಜಕ್ಕೂ ಬಂದಿರಲಿಲ್ಲ. ಬಂದದ್ದು ಭತ್ತದ ಬೆಂಕಿ ರೋಗ, ಅದರ ವಿಷಯದಲ್ಲಿ ನಾನು ಮಳೆ ಬಗ್ಗೆ ಕೇಳಿದ್ದೇ ತಪ್ಪಾಗಿತ್ತು.

ಈಗ ಹವಾಮಾನ ತಿಳಿಯೋಕೆ ದಾರಿಗಳು ಬೇಕಾದಷ್ಟಿವೆ. ಇಲಾಖೆಯ ಪ್ರಕಟಣೆ, ಮೊಬೈಲ್ ಆಪ್, ಹೋಬಳಿಯ ಹವಾಮಾನ ಕೇಂದ್ರ, ಹೊಲದಲ್ಲೇ ನೆಡುವ ಸೆನ್ಸರ್ ಕಂಬ, ಕಡೆಗೆ ಗೊಬ್ಬರದ ಅಂಗಡಿಯವರು ಬರೆದುಕೊಡುವ ದಿನಗಳ ಪಟ್ಟಿ. ಇದರಲ್ಲಿ ಯಾವುದು ಒಳ್ಳೆಯದು ಅಂತ ಜನ ಕೇಳುತ್ತಾರೆ. ಬೆಳೆ ಯಾವುದು, ರೋಗ ಯಾವುದು ಅಂತ ಹೇಳದಿದ್ದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮೂರು ಬೆಳೆ ಹಿಡಿದು ನೋಡೋಣ. ಭತ್ತದ ಮಾತು ಜಾಸ್ತಿ ಇರುತ್ತೆ, ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಬೆಂಕಿ ರೋಗಕ್ಕೆ ಬೇಕಾದದ್ದೇನು?

ಬೆಂಕಿ ರೋಗದ್ದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಗರಿಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಬೀಳುತ್ತೆ. ಎರಡು ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಅಂಥ ಒಂದೇ ಚುಕ್ಕೆಯಿಂದ ಒಂದು ರಾತ್ರಿಗೆ 2,000ದಿಂದ 6,000 ಬೀಜಕಣ ಹಾರಬಹುದು, ಅದೂ ಎರಡು ವಾರದ ತನಕ. ಹಾರುವ ಹೊತ್ತು ಹೆಚ್ಚಾಗಿ ನಡುರಾತ್ರಿ ಕಳೆದು ಬೆಳಗಿನ ಜಾವದವರೆಗೆ. ನಾವು ಮಲಗಿರುವಾಗಲೇ ಎಲ್ಲಾ ಮುಗಿದಿರುತ್ತೆ.

ಕಣ ಗರಿ ಮೇಲೆ ಕೂತ ಮಾತ್ರಕ್ಕೆ ಆಗಲಿಲ್ಲ. ಮೊಳೆತು ಒಳಗೆ ಇಳಿಯೋಕೆ ಅದಕ್ಕೆ ನೀರಿನ ಪೊರೆ ಬೇಕು. 25ರಿಂದ 28 ಡಿಗ್ರಿ ಇದ್ದರೆ ಆರರಿಂದ ಹತ್ತು ಗಂಟೆ ಒದ್ದೆ ಸಾಕು. ಸ್ವಲ್ಪ ತಂಪಾಗಿದ್ದರೆ ಇನ್ನೂ ಒಂದಷ್ಟು ಹೊತ್ತು ಹಿಡಿಯುತ್ತೆ. ಅಷ್ಟರೊಳಗೆ ಗರಿ ಒಣಗಿದರೆ ಕಣ ಸಾಯುತ್ತೆ. ಒಳಗೆ ಇಳಿದರೆ ನಾಲ್ಕೈದು ದಿನಕ್ಕೆ ಚುಕ್ಕೆ ಕಾಣುತ್ತೆ. ಹಾಗಾಗಿ ಇವತ್ತು ಕಾಣುವ ಚುಕ್ಕೆ ಕಳೆದ ವಾರದ ಯಾವುದೋ ರಾತ್ರಿಯದ್ದು. ಕುತ್ತಿಗೆ ಬೆಂಕಿ ರೋಗದಲ್ಲಂತೂ ಕಂಡ ಮೇಲೆ ಎಣ್ಣೆ ಹೊಡೆದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಆ ತೆನೆಗೆ ಇನ್ನು ಹಾಲು ಏರಲ್ಲ. ಮುನ್ಸೂಚನೆ ಬೇಕಾಗೋದು ಇದಕ್ಕೇ.

ಹಾಗಿದ್ದರೆ ಗಾಳಿ ಎತ್ತ ಕಡೆಯಿಂದ ಬೀಸುತ್ತೆ ಅಂತ ನೋಡಬೇಕಲ್ವಾ? ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತ ಅದರಿಂದ ದೊಡ್ಡ ಉಪಯೋಗವಿಲ್ಲ. ಕಾಲುವೆ ಉದ್ದಕ್ಕೂ ಒಂದರ ಪಕ್ಕ ಒಂದು ಭತ್ತದ ಗದ್ದೆ. ಒಂದು ಕ್ಯಾಂಪ್ (ಕಾಲುವೆ ಬಯಲಿನ ಸಣ್ಣ ಊರು) ಮುಗಿಯುತ್ತಲೇ ಇನ್ನೊಂದು ಕ್ಯಾಂಪ್. ಕಣ ಬರೋದು ಪಕ್ಕದವರ ಬದು ದಾಟಿ, ನಮ್ಮದೇ ಹಳೆ ಹುಲ್ಲಿನಿಂದ, ಬದುವಿನ ಕಳೆಯಿಂದ. ಹಂಗಾಮಿನಲ್ಲಿ ಅದು ಗಾಳಿಯಲ್ಲಿ ಇದ್ದೇ ಇರುತ್ತೆ ಅಂತ ಇಟ್ಟುಕೊಳ್ಳಿ. ಎಣಿಸಬೇಕಾದ್ದು ಗರಿ ಎಷ್ಟು ಗಂಟೆ ಒದ್ದೆ ಇತ್ತು ಅನ್ನೋದನ್ನು.

ಭತ್ತಕ್ಕೆ ಹೆಸರಾದ ಜಪಾನ್‌ನಲ್ಲೂ ಬ್ಲಾಸ್ಟಾಮ್ ಎಂಬ ಮುನ್ಸೂಚನೆ ಪದ್ಧತಿ ಇದನ್ನೇ ಮಾಡುತ್ತೆ. ಅವರ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿಂದ ಗಂಟೆಗೊಮ್ಮೆ ಬರುವ ಮಳೆ, ಗಾಳಿ, ಬಿಸಿಲು, ಉಷ್ಣಾಂಶದ ಲೆಕ್ಕದಿಂದ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಅಂದಾಜು ಮಾಡಿ ಅಪಾಯದ ದಿನ ಗುರುತಿಸುತ್ತಾರೆ. ಕಣ ಎಷ್ಟು ಹಾರಿತು ಅಂತ ಅದು ಎಣಿಸೋಕೆ ಹೋಗಲ್ಲ.

ಭತ್ತದವರ ಮುಂದಿರುವ ಆಯ್ಕೆಗಳು

ಮೊದಲು ಇಲಾಖೆಯ ಪ್ರಕಟಣೆ. ಭಾರತ ಹವಾಮಾನ ಇಲಾಖೆ ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಕೊಡುತ್ತೆ. ನಮ್ಮ ಕಡೆಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ. 2019ರಲ್ಲಿ ಬಂದ ಮೇಘದೂತ್ ಆಪ್‌ನಲ್ಲಿ ಇದು ಕನ್ನಡದಲ್ಲೇ ಸಿಗುತ್ತೆ, ಪುಕ್ಕಟೆ. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಮೋಡ, ಗಾಳಿ ಇರುತ್ತೆ. ಇದರ ದೊಡ್ಡ ಗುಣ ಅಂದರೆ ಬೆಳೆ ಗೊತ್ತಿರುವವರು ಬರೆದದ್ದು. 'ಈ ವಾತಾವರಣಕ್ಕೆ ಬೆಂಕಿ ರೋಗ ಬರಬಹುದು, ಯೂರಿಯಾ ತಡೆಯಿರಿ' ಅಂತ ಅಲ್ಲಿ ಬಂದರೆ ಹಗುರವಾಗಿ ತಗೋಬೇಡಿ. ಕೊರತೆ ಅಂದರೆ ಜಿಲ್ಲೆಗೆಲ್ಲ ಒಂದೇ ಮಾತು. ಕೊಪ್ಪಳ ಜಿಲ್ಲೆಯಲ್ಲಿ ಕುಷ್ಟಗಿಯ ಒಣ ಹೊಲವೂ ಇದೆ, ಗಂಗಾವತಿಯ ನೀರು ನಿಂತ ಗದ್ದೆಯೂ ಇದೆ. ಎರಡರ ರಾತ್ರಿಯೂ ಒಂದೇ ಆಗುತ್ತಾ? 2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯ್ತಿ ಮಟ್ಟದ ಮುನ್ಸೂಚನೆಯೂ ಶುರುವಾಗಿದೆ. ಅದನ್ನೂ ಜೊತೆಗಿಟ್ಟು ನೋಡಿ.

ಎರಡನೆಯದು ಫೋನಿನಲ್ಲಿ ಮೊದಲೇ ಇರುವ ಹವಾಮಾನದ ಆಪ್. ಇದನ್ನು ಓದೋದರಲ್ಲೇ ನಾನು ಎಡವಿದ್ದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲದ ಕಾವು ಬೇಗ ಮೇಲೆ ಹೋಗುತ್ತೆ, ಗರಿ ತಣ್ಣಗಾಗುತ್ತೆ, ಇಬ್ಬನಿ ದಂಡಿಯಾಗಿ ಬೀಳುತ್ತೆ. ಅಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಆಪ್ ತೋರಿಸುವ ಬೆಳ್ಳನೆಯ ಸೂರ್ಯ ಭತ್ತದ ಮಟ್ಟಿಗೆ ಒಳ್ಳೆ ಶಕುನವೇನಲ್ಲ. ಮೋಡ ಮುಚ್ಚಿ ಗಾಳಿ ಬೀಸುವ, ಮಳೆ ಬಾರದ ರಾತ್ರಿಯೇ ಎಷ್ಟೋ ವಾಸಿ. ಹಗಲಿಡೀ ಜಿನುಗುವ ಜಡಿಮಳೆ ಬಂತು ಅಂದರೆ ಮಾತ್ರ ಅದು ಎಲ್ಲಕ್ಕಿಂತ ಕೆಟ್ಟದ್ದು. ಗರಿ ಒಣಗೋದೇ ಇಲ್ಲ.

ಆಪ್‌ನಲ್ಲಿ ನೋಡಬೇಕಾದ್ದು ಚಿತ್ರವಲ್ಲ, ಎರಡು ಅಂಕಿ. ಒಂದು, ಗಂಟೆ ಗಂಟೆಯ ತೇವಾಂಶ. ಶೇಕಡಾ 90 ದಾಟಿದ ಗಂಟೆಗಳನ್ನು ಒದ್ದೆ ಗಂಟೆ ಅಂತ ಲೆಕ್ಕ ಹಿಡಿಯಬಹುದು. ಎರಡು, ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಇಬ್ಬನಿಯಾಗೋಕೆ ಶುರುವಾಗುವ ಉಷ್ಣಾಂಶ. ಗಾಳಿಯ ಉಷ್ಣಾಂಶಕ್ಕೂ ಡ್ಯೂ ಪಾಯಿಂಟ್‌ಗೂ ನಡುವಿನ ಅಂತರ 2 ಡಿಗ್ರಿಗಿಂತ ಕಡಿಮೆಯಾದರೆ ಗರಿ ಮೇಲೆ ನೀರು ಕೂರೋಕೆ ಶುರು. ರಾತ್ರಿ ಹತ್ತಕ್ಕೇ ಅಂತರ ಅಷ್ಟಕ್ಕೆ ಇಳಿದು, ಬೆಳಿಗ್ಗೆ ಎಂಟರ ತನಕ ಹಾಗೇ ಇದ್ದರೆ ಹತ್ತು ಗಂಟೆ ಆಯಿತಲ್ಲ, ರೋಗಕ್ಕೆ ಅಷ್ಟೇ ಬೇಕಿರೋದು.

ಇಷ್ಟಾದರೂ ಆಪ್‌ನ ಅಂಕಿ ನಿಮ್ಮ ಗದ್ದೆಯದ್ದಲ್ಲ. ದೂರದ ಯಾವುದೋ ಕೇಂದ್ರದ್ದು, ಇಲ್ಲವೇ ಲೆಕ್ಕ ಹಾಕಿ ತೆಗೆದದ್ದು. ನಾನು ಆಪ್ ಇಟ್ಟುಕೊಂಡಿರೋದು ಬೇರೆ ಕೆಲಸಕ್ಕೆ. ಎಣ್ಣೆ ಹೊಡೆಯೋದು ಅಂತ ತೀರ್ಮಾನವಾದ ಮೇಲೆ ಯಾವ ದಿನ, ಯಾವ ಹೊತ್ತು ಅಂತ ಹೇಳೋಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಧ್ಯಾಹ್ನ ಗಾಳಿ ಏಳುತ್ತಾ, ಸಂಜೆ ಮಳೆ ಬಂದು ಹೊಡೆದದ್ದೆಲ್ಲ ತೊಳೆದು ಹೋಗುತ್ತಾ ಅನ್ನೋದನ್ನು ಚೆನ್ನಾಗಿ ಹೇಳುತ್ತೆ. ಡ್ರೋನ್‌ನವರನ್ನು ಕರೆಸುವವರಿಗಂತೂ ಇದು ಬೇಕೇ ಬೇಕು.

ಮೂರನೆಯದು ಹೋಬಳಿಯ ಹವಾಮಾನ ಕೇಂದ್ರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿಗಳಲ್ಲಿ ಮಳೆ ಮಾಪಕ, ಹೋಬಳಿಗಳಲ್ಲಿ ಹವಾಮಾನ ಕೇಂದ್ರ ನಿಲ್ಲಿಸಿದ್ದಾರೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಹೋಬಳಿಯ ಮಾಹಿತಿ ಹೇಳುತ್ತಾರೆ. ಇದು ಅಳೆದ ಅಂಕಿ, ಅಂದಾಜಲ್ಲ. ಆದರೆ ಕೇಂದ್ರ ನಿಲ್ಲಿಸೋದು ಬಯಲಿನಲ್ಲಿ, ಆಳೆತ್ತರದ ಆಸುಪಾಸಿನಲ್ಲಿ. ಅಲ್ಲಿ ತೇವಾಂಶ 80 ಇರುವಾಗ, ನೀರು ನಿಂತ ಗದ್ದೆಯ ಒಳಗೆ, ಒತ್ತಾಗಿ ಬೆಳೆದ ಗರಿಗಳ ನಡುವೆ ಬೆವರು ಬರುವಷ್ಟು ಹಸಿ ಇರುತ್ತೆ. ಅದಕ್ಕೇ ಹೋಬಳಿ ಅಂಕಿಯಲ್ಲಿ ಒಂದೆರಡು ಗಂಟೆ ಕೂಡಿಸಿ ಓದಬೇಕು.

ನಾಲ್ಕನೆಯದು ಸೆನ್ಸರ್ ಕಂಬ. ಸೋಲಾರ್ ತಟ್ಟೆ, ಮಳೆ ಬಟ್ಟಲು, ಎಲೆ ಒದ್ದೆ ಅಳೆಯುವ ಪಟ್ಟಿ, ಒಳಗೊಂದು ಸಿಮ್. ಅಳತೆಯ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಸರಿ. ಬೆಲೆ ಹತ್ತಾರು ಸಾವಿರ, ಮೇಲೆ ವರ್ಷಕ್ಕಿಷ್ಟು ಶುಲ್ಕ. ಎರಡು ಮೂರು ಎಕರೆ ಭತ್ತ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಉಳಿಯೋದು ಒಂದು ಸಲದ ಎಣ್ಣೆ ಖರ್ಚು, ಹೋಗೋದು ಅದರ ಎಷ್ಟೋ ಪಟ್ಟು. ಕ್ಯಾಂಪಿನ ಇಪ್ಪತ್ತು ಜನ ಸೇರಿ ಒಂದು ಹಾಕಿಸಿಕೊಂಡರೆ ಲೆಕ್ಕ ಸರಿಹೋಗುತ್ತೆ. ಆದರೆ ಎಲ್ಲಿ ನೆಡಬೇಕು ಅಂತ ಜಗಳ ಬರುತ್ತೆ, ಅದಕ್ಕೆ ರೆಡಿ ಇರಿ! ತಗೊಳ್ಳುವ ಮೊದಲು ಒಂದು ಕೇಳಿ: ಅಪಾಯದ ಸಂದೇಶ ಬರೋಕೆ ಒಳಗೆ ಹಾಕಿರುವ ಲೆಕ್ಕ ಭತ್ತದ್ದಾ, ಇಲ್ಲಾ ದ್ರಾಕ್ಷಿಯದ್ದಾ? ಅದಕ್ಕೆ ಸರಿಯಾಗಿ ಉತ್ತರ ಬರದಿದ್ದರೆ ಎದ್ದು ಬನ್ನಿ.

ಐದನೆಯದು ಅಂಗಡಿಯ ಪಟ್ಟಿ. ನಾಟಿಯಾಗಿ ಇಷ್ಟು ದಿನಕ್ಕೆ ಒಂದು, ಅಷ್ಟು ದಿನಕ್ಕೆ ಇನ್ನೊಂದು. ಹವಾಮಾನದ ಗೊಡವೆಯೇ ಇಲ್ಲ. ಒಣ ವರ್ಷದಲ್ಲಿ ಸುಮ್ನೆ ದುಡ್ಡು ದಂಡ, ಹಸಿ ವರ್ಷದಲ್ಲಿ ಹೊಡೆದದ್ದು ಸಾಲಲ್ಲ. ಆದರೂ ಒಂದು ಮಾತು ಒಪ್ಪಬೇಕು. ತೆನೆ ಇಣುಕುವ ಹೊತ್ತಿಗೆ ಒಂದು ಸಲ ಹೊಡೆಯಿರಿ ಅಂತ ಪಟ್ಟಿಯಲ್ಲಿ ಇದ್ದರೆ ಅದರಲ್ಲಿ ಅರ್ಥವಿದೆ. ಕುತ್ತಿಗೆ ಬೆಂಕಿ ರೋಗ ತಡೆಯೋಕೆ ಇರುವ ಕಿಟಕಿ ಅಷ್ಟೇ ಸಣ್ಣದು.

ಇವುಗಳಲ್ಲಿ ನಾನು ಕಡೆಗೆ ಆರಿಸಿಕೊಂಡದ್ದು ಪ್ರಕಟಣೆ, ಜೊತೆಗೆ ಸ್ವಂತ ಅಳತೆ. ಕೆಲವು ನೂರು ರೂಪಾಯಿಗೆ ಸಿಗುವ, ತೇವಾಂಶ ಉಷ್ಣಾಂಶ ತೋರಿಸುವ ಡಿಜಿಟಲ್ ಮಾಪಕ ತಂದೆ. ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು. ಗದ್ದೆ ನಡುವೆ ಗೂಟ ಹೊಡೆದು, ತೆನೆ ಎತ್ತರಕ್ಕೆ, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ ಕಟ್ಟಿದೆ. ಡಬ್ಬಿಗೆ ಸುತ್ತ ತೂತು ಮಾಡಿ, ಇಲ್ಲದಿದ್ದರೆ ಒಳಗೆ ಗಾಳಿ ಆಡಲ್ಲ. ರಾತ್ರಿ ಮಲಗುವ ಮುಂಚೆ ಬ್ಯಾಟರಿ ಹಿಡಿದು ಹೋಗಿ ಗರಿ ಸವರಿ ನೋಡೋದು. ಬೆಳಿಗ್ಗೆ ಗರಿ ಯಾವಾಗ ಒಣಗಿತು ಅಂತ ನೋಡೋದು. ಎರಡರ ನಡುವಿನ ಗಂಟೆ ಪುಸ್ತಕದಲ್ಲಿ ಬರೆಯೋದು. ಹತ್ತು ಗಂಟೆ ದಾಟಿ, ರಾತ್ರಿ 20 ಡಿಗ್ರಿ ಆಸುಪಾಸು ಅಥವಾ ಮೇಲಿದ್ದರೆ ಆ ದಿನಕ್ಕೆ ಕೆಂಪು ಗೆರೆ. ಸಾಲಾಗಿ ಮೂರು ಕೆಂಪು ಗೆರೆ ಬಿದ್ದು ಬೆಳೆ ಹೊಡೆ ಹಂತದಲ್ಲಿದ್ದರೆ ಪ್ರಕಟಣೆಗೂ ಕಾಯಲ್ಲ. ಈ ಮೂರರ ಲೆಕ್ಕ ನನ್ನದು, ವಿಜ್ಞಾನಿಗಳದ್ದಲ್ಲ. ಯಾವ ಔಷಧ, ಎಷ್ಟು ಅನ್ನೋದನ್ನು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಇಲ್ಲವೇ 1800-180-1551ಕ್ಕೆ ಫೋನ್ ಮಾಡಿ. ಅದು ಕಿಸಾನ್ ಕಾಲ್ ಸೆಂಟರ್, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ವಿಷಯ ಯಾವ ಯಂತ್ರವೂ ಹೇಳಲ್ಲ. ನಮ್ಮ ಕಡೆ ಸೋನಾ ಮಸೂರಿ ಅಂತ ಕರೆಯುವ ಬಿಪಿಟಿ 5204 ತಳಿ ಈ ರೋಗಕ್ಕೆ ಬೇಗ ಸಿಗುತ್ತೆ. ಆರ್‌ಎನ್‌ಆರ್ 15048 ತಳಿಗೆ ತಡೆಯುವ ಗುಣ ಇದೆ. ಯೂರಿಯಾ ಜಾಸ್ತಿ ಬಿದ್ದ ಗದ್ದೆಯಲ್ಲಿ ಅದೇ ರಾತ್ರಿ, ಅದೇ ಇಬ್ಬನಿಗೆ ರೋಗ ಇನ್ನೂ ಜೋರು. ಕಾಲುವೆಯ ಕೊನೆ ಭಾಗದಲ್ಲಿ ನೀರು ಸಿಗದೆ ನೆಲ ಒಣಗಿದರೂ ಹಾಗೇ. ಒಂದೇ ಮುನ್ಸೂಚನೆಯನ್ನು ಇಬ್ಬರು ಬೇರೆ ಬೇರೆ ಓದಬೇಕಾಗುತ್ತೆ.

ಮೆಣಸಿನ ಗಿಡದ ಬೂದಿ ರೋಗ

ಈಗ ಬಳ್ಳಾರಿ ಕಡೆಗೆ ಬನ್ನಿ. ಸಿರುಗುಪ್ಪ, ಕುರುಗೋಡು ಸುತ್ತಿನ ಎರೆ ಭೂಮಿಯಲ್ಲಿ ಮೆಣಸಿನಕಾಯಿ. ಅಲ್ಲಿರುವ ನಮ್ಮ ಸಂಬಂಧಿಕರೊಬ್ಬರು ನನ್ನ ಪುಸ್ತಕ ನೋಡಿ ತಾವೂ ಒದ್ದೆ ಗಂಟೆ ಬರೆಯೋಕೆ ಶುರು ಮಾಡಿದರು. ತಿಂಗಳಿಡೀ ಬರೆದರು. ಒಂದೂ ಕೆಂಪು ಗೆರೆ ಬೀಳಲಿಲ್ಲ. ಗಿಡದ ಎಲೆ ಮಾತ್ರ ಹಳದಿಯಾಗಿ ಉದುರಿತು.

ಬೂದಿ ರೋಗದ ಕಣಕ್ಕೆ ನೀರಿನ ಪೊರೆ ಬೇಕಾಗಿಲ್ಲ. ತಂಪಾದ ಒಣ ಹವೆ, ಹಗಲಿನ ಗಾಳಿ ಸಾಕು. ಜೋರು ಮಳೆ ಬಂದರೆ ಕಡಿಮೆಯೇ ಆಗುತ್ತೆ. ಇನ್ನೊಂದು ತೊಂದರೆ, ಮೆಣಸಿನ ಗಿಡಕ್ಕೆ ಬರುವ ಬೂದಿ ರೋಗ ಎಲೆಯ ಒಳಗೇ ಬೆಳೆಯುತ್ತೆ. ಕಣ ಇಳಿದ ಮೇಲೆ ಬಿಳಿ ಪುಡಿ ಕಾಣೋಕೆ 18ರಿಂದ 21 ದಿನ ಹಿಡಿಯಬಹುದು. ಅದೂ ಎಲೆಯ ಕೆಳಗಡೆ. ಮೇಲಿಂದ ನೋಡಿದರೆ ಬರೀ ಹಳದಿ ಮಚ್ಚೆ. ಐದು ದಿನದ ಮುನ್ಸೂಚನೆ ಮೂರು ವಾರ ಅಡಗಿ ಕೂರುವ ರೋಗಕ್ಕೆ ಏನು ಮಾಡೀತು?

ಇಲ್ಲಿ ನನ್ನ ಆಯ್ಕೆ ಪೂರ್ತಿ ಉಲ್ಟಾ. ಒದ್ದೆ ಅಳೆಯುವ ಮಾಪಕ ಬೇಡ, ಸೆನ್ಸರ್ ಕಂಬದ ಎಲೆ ಪಟ್ಟಿಯೂ ಬೇಡ. ನವೆಂಬರ್‌ನಲ್ಲಿ ಮಳೆ ನಿಂತು ಚಳಿ ಬೀಳೋಕೆ ಶುರುವಾದ ದಿನವೇ ಮುನ್ಸೂಚನೆ. ಅವತ್ತಿನಿಂದ ವಾರಕ್ಕೊಮ್ಮೆ ಹೊಲದ ಐದಾರು ಕಡೆ ಕೆಳಗಿನ ಹಳೆ ಎಲೆಗಳನ್ನು ಮಗುಚಿ ನೋಡಬೇಕು. ಗಾಳಿ ಬರುವ ದಿಕ್ಕಿನ ಅಂಚನ್ನು ಮೊದಲು ನೋಡಿ. ಅಲ್ಲಿ ಪುಡಿ ಕಂಡರೆ ಹೊಲದ ನಡುವೆ ಆಗಲೇ ಕಣ ಇಳಿದಿದೆ ಅಂತ ತಿಳಿಯಬೇಕು. ಭತ್ತದಲ್ಲಿ ನಾನು ಬೈದ ಅಂಗಡಿ ಪಟ್ಟಿ ಇಲ್ಲಿ ಅಷ್ಟೇನೂ ತಪ್ಪಲ್ಲ, ಯಾಕಂದರೆ ಈ ರೋಗ ಹೆಚ್ಚುಕಡಿಮೆ ತಿಂಗಳ ಲೆಕ್ಕದಲ್ಲೇ ಬರುತ್ತೆ. ಆಪ್‌ನ ಕೆಲಸ ಒಂದಿದೆ. ಗಂಧಕ ಹೊಡೆಯುವವರು ಹಗಲಿನ ಉಷ್ಣಾಂಶ ನೋಡಿಕೊಳ್ಳಬೇಕು. ಸುಡು ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತೆ.

ಕುಷ್ಟಗಿ, ಯಲಬುರ್ಗಾದ ದಾಳಿಂಬೆ

ದಾಳಿಂಬೆಯ ಅಂಗಮಾರಿ ದುಂಡಾಣುವಿನಿಂದ ಬರುವ ರೋಗ. ಒಣ ಗಾಳಿಯಲ್ಲಿ ಹಾರಿ ಬರಲ್ಲ. ಮಳೆ ಹನಿ ಬಿದ್ದು ಸಿಡಿಯುವಾಗ, ಗಾಳಿ ಮಳೆ ಎರಡೂ ಸೇರಿ ಬಂದಾಗ ಗಿಡದಿಂದ ಗಿಡಕ್ಕೆ ಹೋಗುತ್ತೆ. ಹಾಗಾಗಿ ಇಲ್ಲಿ ಗ್ರಾಮ ಪಂಚಾಯ್ತಿಯ ಮಳೆ ಮಾಪಕವೇ ರಾಜ. ಎಷ್ಟು ಮಿಲಿಮೀಟರ್ ಅನ್ನೋದರ ಜೊತೆ ಗಾಳಿ ಇತ್ತಾ ಅಂತ ಬರೆದಿಡಿ. ಐದು ದಿನದಲ್ಲಿ ಗಾಳಿ ಮಳೆ ಇದೆ ಅಂತ ಪ್ರಕಟಣೆ ಹೇಳಿದರೆ ಕತ್ತರಿ ಹಿಡಿಯುವ ಕೆಲಸ ಮುಂದಕ್ಕೆ ಹಾಕಿ. ಹಸಿ ಗಾಯದಲ್ಲಿ ದುಂಡಾಣು ಸುಲಭವಾಗಿ ಇಳಿಯುತ್ತೆ.

ದಾಳಿಂಬೆಯವರ ದೊಡ್ಡ ಮುನ್ಸೂಚನೆ ಅಂದರೆ ಬಹಾರ್, ಅಂದರೆ ಗಿಡಕ್ಕೆ ಹೂ ಬಿಡಿಸುವ ಹಂಗಾಮು, ಆರಿಸಿಕೊಳ್ಳೋದು. ಮೃಗ ಬಹಾರ್ ಹಿಡಿದರೆ ಕಾಯಿ ಬೆಳೆಯುವ ಕಾಲ ಪೂರ್ತಿ ಮಳೆಗಾಲ. ಹಸ್ತ ಬಹಾರ್ ಹಿಡಿದರೆ ಕಾಯಿ ಒಣ ದಿನಗಳಲ್ಲಿ ಬೆಳೆಯುತ್ತೆ. ಈ ಒಂದು ತೀರ್ಮಾನದ ಮುಂದೆ ಯಾವ ಸೆನ್ಸರ್ ಕಂಬವೂ ಸಣ್ಣದೇ. ಹತ್ತು ಎಕರೆ ತೋಟ, ಹೊರದೇಶಕ್ಕೆ ಕಳಿಸುವ ಲೆಕ್ಕ ಇದ್ದರೆ ಕಂಬ ಹಾಕಿಸಿ, ಅದರ ದುಡ್ಡು ಅಲ್ಲಿ ಹುಟ್ಟುತ್ತೆ.

ದೂರದ ಗಾಳಿಯನ್ನು ಹಿಂಬಾಲಿಸುವವರೂ ಇದ್ದಾರೆ

ಗಾಳಿಯ ಜಾಡು ಹಿಡಿದು ರೋಗ ಹೇಳುವ ವಿದ್ಯೆ ಸುಳ್ಳಲ್ಲ. ನಮ್ಮ ದೇಶದಲ್ಲಿ ಅದಕ್ಕೆ ಗೋಧಿಯ ತುಕ್ಕು ರೋಗದ್ದೇ ದೊಡ್ಡ ಉದಾಹರಣೆ. ಬಯಲಿನ ಬೇಸಿಗೆಯಲ್ಲಿ ತುಕ್ಕು ಉಳಿಯಲ್ಲ, ಬೆಟ್ಟಗಳಲ್ಲಿ ಉಳಿದು ಕೆಳಗೆ ಬರುತ್ತೆ ಅಂತ ತೋರಿಸಿಕೊಟ್ಟವರು ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ. ನೀಲಗಿರಿ, ಪಳನಿ ಬೆಟ್ಟಗಳ ಕಾಂಡದ ತುಕ್ಕಿನ ಕಣಗಳು ಬಂಗಾಳ ಕೊಲ್ಲಿಯಲ್ಲಿ ನವೆಂಬರ್ ಸುಮಾರಿಗೆ ಏಳುವ ಚಂಡಮಾರುತದ ಗಾಳಿಯಲ್ಲಿ ಮಧ್ಯ ಭಾರತದವರೆಗೆ ಹೋಗಿ ಮಳೆಯ ಜೊತೆ ಇಳಿಯುತ್ತವೆ. 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಜೊತೆಗಾರರು ಇದಕ್ಕೆ ನಿಯಮಗಳನ್ನೇ ಕಟ್ಟಿದರು. 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣ ಎತ್ತ ಹೋಗುತ್ತೆ ಅಂತ ತಿಳಿಯೋಕೆ ಬ್ರಿಟನ್ನಿನ ಹವಾಮಾನ ಇಲಾಖೆ ಕಟ್ಟಿದ ಕಂಪ್ಯೂಟರ್ ಮಾದರಿಯನ್ನು ಈಗ ಇಥಿಯೋಪಿಯಾದ ಗೋಧಿ ತುಕ್ಕಿನ ಎಚ್ಚರಿಕೆಗೂ ಬಳಸುತ್ತಾರೆ.

ಇದೆಲ್ಲ ರೋಗ ಇನ್ನೂ ಊರಿಗೆ ಬಂದಿಲ್ಲ, ದೂರದಿಂದ ಬರಬೇಕು ಅನ್ನುವ ಕಡೆಗೆ. ನಮ್ಮ ಭತ್ತದ ಬಯಲಿಗೆ 'ಗಾಳಿ ದಿಕ್ಕು ನೋಡಿ ಬೆಂಕಿ ರೋಗ ಹೇಳುತ್ತೇವೆ' ಅಂತ ಯಾರಾದರೂ ಬಂದರೆ ಒಂದು ಲೋಟ ಚಹಾ ಕೊಟ್ಟು ಕಳಿಸಿ.

ಪುಸ್ತಕ ಶುರು ಮಾಡುವವರಿಗೆ ಒಂದು ಮಾತು ಬಾಕಿ ಇದೆ. ಒಂದೇ ಗದ್ದೆಯಲ್ಲೂ ಎರಡು ಕಡೆ ನೋಡಿ. ನಮ್ಮಲ್ಲಿ ಕಾಲುವೆ ಪಕ್ಕದ ತುಂಡಿಗೆ ಜಾಲಿ ಮರದ ನೆರಳಿದೆ. ಮೇಲಿನ ತುಂಡು ಏಳೂವರೆಗೆಲ್ಲ ಒಣಗಿದ್ದರೆ ಇಲ್ಲಿ ಒಂಬತ್ತರ ತನಕ ಹನಿ ತೂಗುತ್ತಿರುತ್ತೆ. ಗೂಟ ಹೊಡೆಯೋದಾದರೆ ಆ ತುಂಡಿನಲ್ಲೇ ಹೊಡೆಯಿರಿ, ರೋಗ ಮೊದಲು ಕಾಣೋದು ಅಲ್ಲಿ. ಹೊಡೆ ಹಂತದಿಂದ ಬರೆಯೋಕೆ ಶುರು ಮಾಡಿ. ತೆನೆ ಹಾಲು ಗಟ್ಟಿಯಾಗಿ ಬಾಗಿದ ಮೇಲೆ ಮಾಪಕ ಬಿಚ್ಚಿ, ಬ್ಯಾಟರಿ ಸೆಲ್ ತೆಗೆದು ಒಳಗಿಡಿ. ಗದ್ದೆಯಲ್ಲೇ ಬಿಟ್ಟರೆ ಕೊಯ್ಲಿನ ಮಿಷಿನ್ ಬಂದ ದಿನ ಗೂಟದ ಸಮೇತ ಹೋಗುತ್ತೆ. ನನ್ನ ಮೊದಲನೆಯದು ಹೋದದ್ದು ಹಾಗೆ.